ಎಳೆಯ ಮಿದುಳಿನ ಅಳಿವು ಉಳಿವು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಪತ್ರಿಕೆಗಳ ಮೇಜಿನ ಬಳಿ ನಮ್ಮ ಸದಸ್ಯರೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ನಾಲ್ಕು ತಿಂಗಳ ಮಗನಿಗೆ ತೊಡೆಸಂದಿನಲ್ಲಿ ಕರುಳು ಇಳಿಯುತ್ತದೆ. ಹರ್ನಿಯ ಎಂದು ವೈದ್ಯರು ಹೇಳಿ, ಶಸ್ತ್ರಕ್ರಿಯೆಗೆ ದಿನವನ್ನೂ ಗೊತ್ತುಮಾಡಿದ್ದರು. ಅಷ್ಟರಲ್ಲಿ ಜೊತೆಯಲ್ಲಿ ಕೆಲಸಮಾಡುವವರೊಬ್ಬರು ಮೊಬೈಲಿನಲ್ಲಿ ಬಂದ ಒಂದು ಸುದ್ದಿಯನ್ನು ತೋರಿಸಿದರಂತೆ: ಎಳೆಯ ಮಕ್ಕಳಿಗೆ ಮತ್ತು ಬರಿಸುವ ಮದ್ದು ಕೊಟ್ಟರೆ ಮಿದುಳಿನ ಕೋಶಗಳು ಸಾಯುತ್ತವೆ, ಮಗು ಮಂದಬುದ್ಧಿಯಾಗುತ್ತದೆ ಎಂದು. ತಂದೆಯ ಎದೆ ಒಡೆಯಿತು. ಶಸ್ತ್ರಕ್ರಿಯೆಯ ದಿನವನ್ನು ಒಮ್ಮೆ ಮುಂದಕ್ಕೆ ಹಾಕಿದರು, ಇನ್ನೊಮ್ಮೆಯೂ ಹಾಕಿದರು. "ಸ್ವಾಮೀ, ನೀವು ನಾಲ್ಕು ಪುಸ್ತಕ ಓದಿದವರು. ಇದು ನಿಜವೋ ಸುಳ್ಳೋ ಹೇಳಿ" ಎಂದರು.

ನಾವು ವೈದ್ಯರಲ್ಲ. ಹಗಲೆಲ್ಲ ಲೆಕ್ಕದ ಪುಸ್ತಕ ನೋಡಿ, ಸಂಜೆ ಇಲ್ಲಿ ಬಂದು ಕನ್ನಡ ಪುಸ್ತಕ ನೋಡುವ ಗುಮಾಸ್ತರು. ಆದುದರಿಂದ ಅಂದು ಅವರಿಗೆ ಹೇಳಿದ್ದು ಒಂದೇ ಮಾತು: "ನಿಜ ಸುಳ್ಳು ಆಮೇಲೆ ನೋಡೋಣ. ನೀವು ಮೊದಲು ಮಗುವನ್ನು ಎತ್ತಿಕೊಂಡು ವೈದ್ಯರ ಬಳಿಗೆ ಹೋಗಿ, ನಿಮ್ಮ ಭಯವನ್ನು ಅವರ ಮುಂದೆಯೇ ಹೇಳಿ." ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಹುಡುಕಿ ಓದಿದೆವು. ಓದಿದಂತೆಲ್ಲ ತಿಳಿದುದೇನೆಂದರೆ, ಆ ಸುದ್ದಿ ಪೂರ್ತಿ ಸುಳ್ಳಲ್ಲ. ಹಾಗೆಂದು ಆ ತಂದೆ ಹೆದರಿದ ರೀತಿಯಲ್ಲಿ ನಿಜವೂ ಅಲ್ಲ. ಅರ್ಧ ಸತ್ಯವು ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡುವುದುಂಟು. ಉಳಿದರ್ಧವನ್ನು ನಿಮ್ಮ ಮುಂದಿಡುವುದೇ ಇಂದಿನ ಭಾಷಣದ ಉದ್ದೇಶ.

ಮೊದಲು ಒಂದು ವಿಚಿತ್ರವಾದ ಸಂಗತಿಯನ್ನು ಒಪ್ಪಿಕೊಳ್ಳಬೇಕು. ಎಳೆಯ ಮಿದುಳಿನಲ್ಲಿ ಕೋಶಗಳು ಸಾಯುವುದು ಹೊಸದೇನೂ ಅಲ್ಲ. ಅದು ಬೆಳವಣಿಗೆಯ ಒಂದು ಭಾಗ. ಹೊಲದಲ್ಲಿ ಕೈತುಂಬ ಬೀಜ ಚೆಲ್ಲುತ್ತೇವೆ. ಮೊಳೆತದ್ದೆಲ್ಲವನ್ನೂ ಹಾಗೆಯೇ ಬಿಟ್ಟರೆ ಯಾವ ಗಿಡಕ್ಕೂ ಬಲ ಬಾರದು. ಒತ್ತಾಗಿ ಬಂದ ಸಸಿಗಳನ್ನು ಕಿತ್ತು ಪೈರನ್ನು ತೆಳುಮಾಡುತ್ತೇವೆ. ನಿಸರ್ಗವೂ ಮಿದುಳನ್ನು ಕಟ್ಟುವಾಗ ಹೀಗೆಯೇ ಬೇಕಾದುದಕ್ಕಿಂತ ಹೆಚ್ಚು ನರಕೋಶಗಳನ್ನು ಹುಟ್ಟಿಸಿ, ಆಮೇಲೆ ಬೇಡದವನ್ನು ಉದುರಿಸುತ್ತದೆ. ನರಮಂಡಲದ ಕೆಲವು ಭಾಗಗಳಲ್ಲಿ ಹುಟ್ಟಿದ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಹೋಗುತ್ತವೆ. ಹೋದಮೇಲೂ ದೊಡ್ಡವರ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳು ಉಳಿದಿರುತ್ತವೆ.

ಇದನ್ನು ಕಂಡುಹಿಡಿದ ಕಥೆ ಕೇಳತಕ್ಕದ್ದು. ಅಮೆರಿಕದ ಸೇಂಟ್ ಲೂಯಿಸ್ ಎಂಬ ಊರಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಎಂಬ ವಿದ್ಯಾಕೇಂದ್ರವಿದೆ. ಅಲ್ಲಿಗೆ 1935ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞರು ಸೇರಿದರು. ಅವರು ಅಮೆರಿಕದಲ್ಲಿ ಓದುತ್ತಿದ್ದಾಗಲೇ, 1933ರಲ್ಲಿ, ಯೆಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಸರ್ಕಾರದ ಕಾನೂನು ತಾಯ್ನಾಡಿನಲ್ಲಿ ಅವರ ಕೆಲಸವನ್ನು ಕಿತ್ತುಕೊಂಡಿತ್ತು. ಹೊಟ್ಟೆಪಾಡಿಗೆ ಊರು ಬಿಟ್ಟವರ ಕಷ್ಟ ನಮಗೆ ಗೊತ್ತು. ಮರಳಿ ಹೋಗಲು ಊರೇ ಇಲ್ಲದವರ ಕಷ್ಟ ಅದಕ್ಕಿಂತ ದೊಡ್ಡದು. ಅವರು ಕೋಳಿಮೊಟ್ಟೆಯೊಳಗಿನ ಮರಿಯ ರೆಕ್ಕೆಯ ಮೊಗ್ಗನ್ನು ಕತ್ತರಿಸಿ ತೆಗೆದು, ಆ ಬದಿಯ ಬೆನ್ನುಹುರಿಯಲ್ಲಿ ನರಕೋಶಗಳು ಕಡಿಮೆಯಾಗುವುದನ್ನು ಕಂಡು, 1934ರಲ್ಲಿ ಲೇಖನ ಬರೆದಿದ್ದರು. ರೆಕ್ಕೆಯಿಲ್ಲದೆ ಕರೆ ಬಾರದ್ದರಿಂದ ಕೋಶಗಳು ನರಕೋಶಗಳಾಗಿ ರೂಪುಗೊಳ್ಳಲೇ ಇಲ್ಲ ಎಂಬುದು ಅವರ ಆಗಿನ ಊಹೆ.

ಆ ಲೇಖನವನ್ನು ಇಟಲಿಯ ತುರಿನ್ ನಗರದ ರೀತಾ ಲೇವಿ ಮೊಂತಾಲ್ಚೀನಿ ಎಂಬ ತರುಣಿ ವೈದ್ಯೆ ಓದಿದರು. ಅವರೂ ಯೆಹೂದಿಗಳೇ. 1938ರಲ್ಲಿ ಮುಸ್ಸೋಲಿನಿಯ ಸರ್ಕಾರ ತಂದ ಜನಾಂಗ ಕಾನೂನುಗಳಿಂದ ವಿಶ್ವವಿದ್ಯಾನಿಲಯದ ಬಾಗಿಲು ಅವರಿಗೆ ಮುಚ್ಚಿತ್ತು. ಆಕೆ ಸುಮ್ಮನೆ ಕೂರಲಿಲ್ಲ. ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹೊಲಿಗೆಯ ಸೂಜಿಗಳನ್ನು ಮಸೆದು ಶಸ್ತ್ರಗಳನ್ನಾಗಿ ಮಾಡಿಕೊಂಡರು. ಬಾಂಬು ಬೀಳತೊಡಗಿದಾಗ ಹಳ್ಳಿಯ ಮನೆಗೆ ಹೋಗಿ, ರೈತರಿಂದ ಮೊಟ್ಟೆ ಬೇಡಿ ತಂದು ಕೆಲಸ ಮುಂದುವರಿಸಿದರು. ಪರೀಕ್ಷೆ ಮುಗಿದು ಉಳಿದ ಮೊಟ್ಟೆ ಅಡಿಗೆಮನೆಗೆ ಹೋಗುತ್ತಿತ್ತು. ಹೀಗೆ ಎಣಿಸುತ್ತ ಎಣಿಸುತ್ತ ಅವರಿಗೆ ಕಂಡದ್ದು ಬೇರೆಯೇ. ಕೋಶಗಳು ಹುಟ್ಟಿದ್ದವು, ಬೆಳೆದಿದ್ದವು, ರೆಕ್ಕೆಯನ್ನು ಹುಡುಕಿಕೊಂಡು ತಮ್ಮ ಎಳೆಗಳನ್ನು ಚಾಚಿಯೂ ಇದ್ದವು. ಹೋಗಿ ಮುಟ್ಟಲು ಏನೂ ಸಿಗದೆ ಆಮೇಲೆ ಸತ್ತಿದ್ದವು.

ಯುದ್ಧ ಮುಗಿದ ಮೇಲೆ ಹ್ಯಾಂಬರ್ಗರ್ ಆಕೆಯನ್ನು ಕರೆಸಿಕೊಂಡರು. 1947ರಲ್ಲಿ ಕೆಲವು ತಿಂಗಳಿಗೆಂದು ಹೋದವರು ದಶಕಗಳ ಕಾಲ ಅಲ್ಲಿ ಕೆಲಸಮಾಡಿದರು. ಇಬ್ಬರೂ ಒಂದೇ ಸೂಕ್ಷ್ಮದರ್ಶಕದ ಕೆಳಗೆ ನೋಡಿ ಎಣಿಸಿದರು. ಹಿರಿಯರಾದ ಹ್ಯಾಂಬರ್ಗರರೇ ತಮ್ಮ ಊಹೆಯನ್ನು ಬಿಟ್ಟುಕೊಟ್ಟರು. 1949ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದಲ್ಲಿ, ಯಾವ ಗಾಯವನ್ನೂ ಮಾಡದ ಮರಿಯಲ್ಲಿ ಕೂಡ ನರಕೋಶಗಳು ಹೀಗೆ ಸಾಯುತ್ತವೆಂದು ತೋರಿಸಿದರು.

ಇದರ ಮರ್ಮವೇನು? ನಮ್ಮ ಹಿರಿಯರ ಕಾಲವನ್ನು ನೆನೆಸಿಕೊಳ್ಳಿ. ಊರಲ್ಲಿ ಮನೆ, ಮುಂಬಯಿಯಲ್ಲಿ ಮಗ. ತಿಂಗಳಿಗೊಮ್ಮೆ ಮಗನ ಮನಿಯಾರ್ಡರು ಬಂದರೆ ಮನೆಯ ಒಲೆ ಉರಿಯುತ್ತಿತ್ತು. ಮಗನಿಗೆ ಕೆಲಸ ಸಿಗದೆ ಹೋದರೆ ಒಲೆ ಆರುತ್ತಿತ್ತು. ನರಕೋಶವೂ ಹೀಗೆ ಒಂದು ಮನೆ. ತನ್ನ ಎಳೆಯನ್ನು ದೂರಕ್ಕೆ ಕಳುಹಿಸುತ್ತದೆ. ಆ ಎಳೆ ಎಲ್ಲಿಯಾದರೂ ನೆಲೆ ಕಂಡರೆ ಅಲ್ಲಿಂದ "ಬದುಕಿರು" ಎಂಬ ರಾಸಾಯನಿಕ ಸಂದೇಶ ಹಿಂದಿರುಗಿ ಬರುತ್ತದೆ. ಸಂದೇಶ ಬಾರದ ಕೋಶ ತನ್ನ ದೀಪವನ್ನು ತಾನೇ ಆರಿಸಿಕೊಳ್ಳುತ್ತದೆ. ಅಂಥ ಸಂದೇಶವೊಂದನ್ನು ಹುಡುಕಿ ತೆಗೆದುದಕ್ಕಾಗಿ ಲೇವಿ ಮೊಂತಾಲ್ಚೀನಿಯವರಿಗೂ ಅವರೊಡನೆ ದುಡಿದ ಸ್ಟ್ಯಾನ್ಲಿ ಕೋಹೆನರಿಗೂ 1986ರಲ್ಲಿ ನೊಬೆಲ್ ಬಹುಮಾನ ಬಂದಿತು. ಹ್ಯಾಂಬರ್ಗರರ ಹೆಸರು ಅದರಲ್ಲಿ ಸೇರಲಿಲ್ಲವೆಂದು ನೊಂದವರು ಬಹಳ ಮಂದಿ.

ಇಂಥ ಸಾವಿಗೆ 1972ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿದ್ದ ಕೆರ್, ವೈಲಿ, ಕರಿ ಎಂಬ ಮೂವರು 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಎಲೆ ಉದುರುವುದೆಂಬ ಅರ್ಥವಂತೆ. ಆ ಮಾತನ್ನು ಸೂಚಿಸಿದವರು ಅಲ್ಲಿನ ಗ್ರೀಕ್ ಅಧ್ಯಾಪಕರೇ. ಮಾಗಿದ ಎಲೆ ಸದ್ದಿಲ್ಲದೆ ಉದುರುತ್ತದೆ. ಪಕ್ಕದ ಎಲೆಗೆ ನೋವಾಗುವುದಿಲ್ಲ. ಬಿರುಗಾಳಿಗೆ ಕೊಂಬೆ ಸಿಗಿದು ಬೀಳುವುದು ಬೇರೆ. ಕೋಶಗಳಿಗೂ ಈ ಎರಡು ಬಗೆಯ ಸಾವುಗಳುಂಟು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಇಂದಿನ ಭಾಷಣದ ಮುಖ್ಯ ವ್ಯಕ್ತಿಯ ಬಳಿಗೆ ಬರೋಣ. ಅದೇ ಸೇಂಟ್ ಲೂಯಿಸಿನಲ್ಲಿ, ಅದೇ ವಿಶ್ವವಿದ್ಯಾನಿಲಯದಲ್ಲಿ, ಜಾನ್ ಓಲ್ನಿ ಎಂಬ ಮನೋರೋಗ ವೈದ್ಯರಿದ್ದರು. 2015ರಲ್ಲಿ ತೀರಿಕೊಂಡರು. ಎಳೆಯ ಮಿದುಳಿಗೆ ಯಾವುದರಿಂದ ಗಾಯವಾಗುತ್ತದೆಂಬುದನ್ನು ಹುಡುಕುವುದೇ ಅವರ ಬಾಳಿನ ಕೆಲಸವಾಯಿತು. ಗ್ಲುಟಮೇಟ್ ಎಂಬ ಪದಾರ್ಥವನ್ನು ಹಸುಳೆ ಇಲಿಗಳಿಗೆ ಚುಚ್ಚಿದರೆ ಅವುಗಳ ಕಣ್ಣಿನ ಒಳಪದರ ಹಾಳಾಗುವುದನ್ನು 1957ರಲ್ಲಿ ಇಂಗ್ಲೆಂಡಿನ ಇಬ್ಬರು ಕಂಡಿದ್ದರು. ಓಲ್ನಿಯವರು ಅದನ್ನು ಮತ್ತೆ ಮಾಡಿ, ಕಣ್ಣಿನ ಹಿಂದಿರುವ ಮಿದುಳನ್ನೂ ನೋಡಿದರು. ಅಲ್ಲಿ, ಹಸಿವು ಮತ್ತು ಬೆಳವಣಿಗೆಯನ್ನು ಆಳುವ ಭಾಗದಲ್ಲಿ, ಕೋಶಗಳು ಊದಿಕೊಂಡು ಸತ್ತಿದ್ದವು. ಆ ಮರಿಗಳು ದೊಡ್ಡವಾದಾಗ ಗಿಡ್ಡಗೆ, ದಪ್ಪಗೆ ಬೆಳೆದವು. ಇದು ಪ್ರಕಟವಾದದ್ದು 1969ರಲ್ಲಿ.

ಈ ಗ್ಲುಟಮೇಟಿನ ಉಪ್ಪೇ ನಮ್ಮ ಚೈನೀಸ್ ಗಾಡಿಗಳಲ್ಲಿ ಚಿಟಿಕೆ ಚಿಟಿಕೆಯಾಗಿ ಬೀಳುವ ಅಜಿನೊಮೊಟೊ. ಆ ಕಾಲದಲ್ಲಿ ಅಮೆರಿಕದ ಶಿಶು ಆಹಾರದ ಡಬ್ಬಿಗಳಲ್ಲಿಯೂ ರುಚಿಗೆಂದು ಅದನ್ನು ಬೆರೆಸುತ್ತಿದ್ದರು. ರುಚಿ ನೋಡಿ ಕೊಳ್ಳುವವಳು ತಾಯಿ, ತಿನ್ನುವುದು ಮಗು! ಓಲ್ನಿಯವರು ಬಹಿರಂಗವಾಗಿ ಎದ್ದು ನಿಂತರು. ಅದೇ ವರ್ಷ ಅಲ್ಲಿನ ದೊಡ್ಡ ಶಿಶು ಆಹಾರ ಕಂಪನಿಗಳು ಅದನ್ನು ಬೆರೆಸುವುದನ್ನು ತಾವಾಗಿಯೇ ನಿಲ್ಲಿಸಿದವು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಓಲ್ನಿಯವರು ಹಸುಳೆ ಇಲಿಗಳಿಗೆ ಕೊಟ್ಟದ್ದು ದೊಡ್ಡ ಪ್ರಮಾಣ. ಅದೂ ಚರ್ಮದಡಿ ಚುಚ್ಚಿ. ದೊಡ್ಡವರೊಬ್ಬರು ಸಂಜೆ ಒಂದು ತಟ್ಟೆ ನೂಡಲ್ಸ್ ತಿಂದರೆ ಮಿದುಳು ಹೋಯಿತೆಂದು ಅದರಿಂದ ಹೇಳಲಾಗದು. ಹಸುಳೆಯ ಡಬ್ಬಿಯಲ್ಲಿ ಬೇಡದ ವಸ್ತುವನ್ನು ಹಾಕದಿರುವುದೇ ಮೇಲು ಎಂಬುದಷ್ಟೇ ಅದರ ತಾತ್ಪರ್ಯ.

ಆದರೆ ಅಜಿನೊಮೊಟೊಗಿಂತ ದೊಡ್ಡ ವಿಷಯ ಅದರ ಹಿಂದಿತ್ತು. ಗ್ಲುಟಮೇಟ್ ಹೊರಗಿನಿಂದ ಬರುವ ವಿಷವಲ್ಲ. ನಮ್ಮ ಮಿದುಳಿನಲ್ಲಿಯೇ ಇದೆ. ಒಂದು ಕೋಶ ಇನ್ನೊಂದು ಕೋಶವನ್ನು "ಏಳು, ಕೆಲಸಮಾಡು" ಎಂದು ಎಬ್ಬಿಸುವುದು ಬಹುಪಾಲು ಇದರಿಂದಲೇ. ಎಬ್ಬಿಸುವ ಕೂಗು ಮಿತಿಮೀರಿದರೆ ಕೋಶದ ಬಾಗಿಲುಗಳು ತೆರೆದೇ ಉಳಿಯುತ್ತವೆ. ಸುಣ್ಣದ ಅಂಶವೂ ನೀರೂ ಒಳನುಗ್ಗುತ್ತವೆ. ಕೋಶ ಊದಿ ಒಡೆಯುತ್ತದೆ. ಉದ್ರೇಕದಿಂದಲೇ ವಿಷ! ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟಿದಾಗಲೂ ಹೀಗೆಯೇ. ಪ್ರಾಣವಾಯು ಸಾಲದೆ ಕೋಶಗಳ ಬಲ ಕುಂದಿ, ಅವು ಹಿಡಿದಿಟ್ಟುಕೊಂಡಿದ್ದ ಗ್ಲುಟಮೇಟ್ ಹೊರಚೆಲ್ಲಿ, ನೆರೆಯ ಕೋಶಗಳನ್ನೂ ಕೊಲ್ಲುತ್ತದೆ. ಇದು ಬಿರುಗಾಳಿಯ ಸಾವು.

ಹಾಗಾದರೆ ಕೂಗನ್ನು ತಡೆಯುವ ಔಷಧಿ ಕೊಟ್ಟರೆ ಮಿದುಳು ಉಳಿಯಬೇಕಲ್ಲವೆ? ದೊಡ್ಡ ಪ್ರಾಣಿಗಳಲ್ಲಿ ಅದರಿಂದ ಕೊಂಚ ಉಪಯೋಗವೂ ಕಂಡಿತು. ಆದರೆ ಹಸುಳೆಯ ಮಿದುಳು ಎಲ್ಲರಿಗೂ ಪಾಠ ಕಲಿಸಿತು. 1999ರಲ್ಲಿ ಬರ್ಲಿನ್ನಿನ ಕ್ರಿಸಾಂಥಿ ಇಕೊನೊಮಿಡು ಎಂಬ ವೈದ್ಯೆಯೂ ಓಲ್ನಿಯವರೂ ಸಂಗಡಿಗರೊಡನೆ ಏಳು ದಿನದ ಇಲಿಮರಿಗಳಿಗೆ ಅಂಥ ತಡೆಮದ್ದನ್ನು ಕೊಟ್ಟು ನೋಡಿದರು. ಕೋಶಗಳು ಉಳಿಯುವ ಬದಲು ರಾಶಿರಾಶಿಯಾಗಿ ಸತ್ತವು. ಈ ಸಲ ಸಿಡಿದು ಸಾಯಲಿಲ್ಲ, ಎಲೆಗಳಂತೆ ಉದುರಿದವು.

ಏಕೆ ಹೀಗೆ? ಮೊದಲು ಹೇಳಿದ ಮನೆಯ ಕಥೆ ಇಲ್ಲಿ ಕೂಡಿಕೊಳ್ಳುತ್ತದೆ. ಮಿದುಳಿನ ಕೋಶಗಳು ಒಂದಕ್ಕೊಂದು ಸಂಬಂಧ ಬೆಳೆಸುವ ಕಾಲವೊಂದಿದೆ. ಇಲಿಗಳಲ್ಲಿ ಅದು ಹುಟ್ಟಿದ ಮೇಲಿನ ಎರಡು ವಾರ. ಮನುಷ್ಯರಲ್ಲಿ ಗರ್ಭದ ಆರನೆಯ ತಿಂಗಳಿಂದ ಹಿಡಿದು ಹುಟ್ಟಿದ ಮೇಲೆ ಕೆಲವು ವರ್ಷ. ಆ ಕಾಲದಲ್ಲಿ ಪ್ರತಿ ಕೋಶವೂ ಕಿವಿಗೊಟ್ಟು ಕಾದಿರುತ್ತದೆ. ನೆರೆಯವರ ಮಾತು ಕೇಳಿಸುತ್ತಿದ್ದರೆ ತಾನು ಬೇಕಾದವನೆಂದು ಬದುಕುತ್ತದೆ. ಗಂಟೆಗಟ್ಟಲೆ ಯಾವ ಮಾತೂ ಕೇಳಿಸದಿದ್ದರೆ, ತಾನು ಬೇಡದವನೆಂದು ತಿಳಿದು ಉದುರಿಹೋಗುತ್ತದೆ. ಕೂಗು ಹೆಚ್ಚಾದರೂ ಸಾವು, ಮೌನ ಹೆಚ್ಚಾದರೂ ಸಾವು. ಎಳೆಯ ಮಿದುಳಿನ ಮೃದುತ್ವವೇ ಇದು.

ಮೌನ ಬರಿಸುವ ವಸ್ತುಗಳು ಯಾವುವು? ಮೊದಲನೆಯದು ಹೆಂಡ. ಅದೇ ತಂಡ 2000ದಲ್ಲಿ ಇಲಿಮರಿಗಳಿಗೆ ಮದ್ಯಸಾರ ಕೊಟ್ಟು, ಅದರ ಅಮಲು ಕೆಲವು ಗಂಟೆ ನಿಂತರೆ ಲಕ್ಷಲಕ್ಷ ಕೋಶಗಳು ಉದುರುವುದನ್ನು ತೋರಿಸಿತು. ಗರ್ಭಿಣಿಯರು ಕುಡಿದರೆ ಮಕ್ಕಳು ಸಣ್ಣ ತಲೆಯವರಾಗಿ, ಬುದ್ಧಿ ಕುಂಠಿತವಾಗಿ ಹುಟ್ಟುವುದನ್ನು 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್ ಬರೆದಿದ್ದರು. 1973ರಲ್ಲಿ ಅಮೆರಿಕದ ಜೋನ್ಸ್ ಮತ್ತು ಸ್ಮಿತ್ ಎಂಬುವರು ಆ ವ್ಯಾಧಿಗೆ ಹೆಸರಿಟ್ಟಿದ್ದರು. ಅದು ಹೇಗೆ ಆಗುತ್ತದೆಂಬುದಕ್ಕೆ ಈಗ ಒಂದು ಕಾರಣ ದೊರೆಯಿತು. ಗರ್ಭಿಣಿ ಇಷ್ಟು ಕುಡಿದರೆ ಭಯವಿಲ್ಲ ಎಂದು ಹೇಳಬಹುದಾದ ಅಳತೆಯನ್ನು ವೈದ್ಯಶಾಸ್ತ್ರ ಇಂದಿಗೂ ಕೊಟ್ಟಿಲ್ಲ. ಇದನ್ನು ನಾವು ಹೆಂಗಸರಿಗೆ ಮಾತ್ರ ಹೇಳುತ್ತಿಲ್ಲ. ಹೆರಿಗೆಯಾದವಳಿಗೆ ಬೆಚ್ಚಗಾಗಲೆಂದು, ಕೂಸಿಗೆ ನೆಗಡಿ ಹೋಗಲೆಂದು ಬ್ರಾಂದಿ ತಂದುಕೊಡುವವರು ಗಂಡಸರೇ. ಹಿಂದೆ ಈ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು, ತಾವು ಬರುವವರೆಗೆ ಕೂಸು ಮಲಗಿರಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದರು. ಅವರನ್ನು ದೂಷಿಸಲಾರೆವು, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಅಫೀಮು ಕೂಸಿನ ಉಸಿರನ್ನೇ ನಿಲ್ಲಿಸಬಲ್ಲುದು. ಬ್ರಾಂದಿಯ ಹನಿಯಾಗಲಿ, ಅಫೀಮಿನ ಚೂರಾಗಲಿ, ಹೆಸರು ತಿಳಿಯದ ನಿದ್ದೆಯ ಮದ್ದಾಗಲಿ, ಕೂಸಿನ ಬಾಯಿಗೆ ಹೋಗಕೂಡದು.

ಎರಡನೆಯದು ಅರಿವಳಿಕೆ, ಎಂದರೆ ಶಸ್ತ್ರಕ್ರಿಯೆಗೆ ಮುನ್ನ ಕೊಡುವ ಮತ್ತಿನ ಮದ್ದು. 2003ರಲ್ಲಿ ವೆಸ್ನಾ ಯೆವ್ಟೊವಿಚ್ ಟೊಡೊರೊವಿಚ್ ಎಂಬುವರೂ ಓಲ್ನಿ ಮೊದಲಾದವರೂ ಏಳು ದಿನದ ಇಲಿಮರಿಗಳಿಗೆ, ಮಕ್ಕಳ ಶಸ್ತ್ರಕ್ರಿಯೆಯಲ್ಲಿ ಬಳಸುವ ಮೂರು ಮದ್ದುಗಳನ್ನು ಕೂಡಿಸಿ ಆರು ಗಂಟೆಗಳ ಕಾಲ ಕೊಟ್ಟರು. ಕೋಶಗಳು ಉದುರಿದವು, ಆ ಮರಿಗಳು ದೊಡ್ಡವಾದಾಗ ದಾರಿ ಕಲಿಯುವ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವು. ನಮ್ಮ ಸದಸ್ಯರ ಮೊಬೈಲಿಗೆ ಬಂದ ಸುದ್ದಿಯ ಬೇರು ಇದು. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೂ ಒಂದು ಎಚ್ಚರಿಕೆ ಕೊಟ್ಟಿತು: ಮೂರು ವರ್ಷದೊಳಗಿನ ಮಕ್ಕಳಿಗೆ, ಹಾಗೂ ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಹೆಂಗಸರಿಗೆ, ಈ ಮದ್ದುಗಳನ್ನು ಮೂರು ಗಂಟೆಗಿಂತ ಹೆಚ್ಚು ಕಾಲವಾಗಲಿ, ಮೇಲಿಂದ ಮೇಲಾಗಲಿ ಕೊಟ್ಟರೆ ಮಿದುಳಿನ ಬೆಳವಣಿಗೆಗೆ ತೊಂದರೆಯಾಗಬಹುದು ಎಂದು. ಈ ವಾಕ್ಯದಲ್ಲಿರುವ "ಮೂರು ಗಂಟೆ", "ಮೇಲಿಂದ ಮೇಲೆ" ಎಂಬ ಮಾತುಗಳು ದಾರಿಯಲ್ಲೆಲ್ಲೋ ಬಿದ್ದುಹೋಗಿ, "ಮಿದುಳು" ಮತ್ತು "ತೊಂದರೆ" ಎಂಬೆರಡೇ ಆ ತಂದೆಯ ಕೈಸೇರಿದವು.

ಮತ್ತು ಕೊಡದೆಯೇ ಮಾಡಬಾರದೆ ಎಂದು ಯಾರಾದರೂ ಕೇಳಬಹುದು. ಅದನ್ನೂ ಜಗತ್ತು ಮಾಡಿ ನೋಡಿದೆ. ಹಸುಳೆಗಳಿಗೆ ನೋವು ಅಷ್ಟಾಗಿ ತಿಳಿಯದು, ಮದ್ದನ್ನು ತಡೆದುಕೊಳ್ಳುವ ಶಕ್ತಿಯೂ ಇಲ್ಲ ಎಂದು ಬಗೆದು, 1980ರ ದಶಕದವರೆಗೂ ದೊಡ್ಡ ದೊಡ್ಡ ದೇಶಗಳಲ್ಲಿಯೇ ದಿನ ತುಂಬದ ಕೂಸುಗಳಿಗೆ ಸಾಕಷ್ಟು ನೋವುಮದ್ದು ಕೊಡದೆ, ಕೈಕಾಲು ಆಡದಂತೆ ಮಾಡಿ ಶಸ್ತ್ರಕ್ರಿಯೆ ನಡೆಸುತ್ತಿದ್ದರು. ನಮ್ಮ ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್ಜೀತ್ ಸಿಂಗ್ ಆನಂದ್ ಎಂಬ ತರುಣ ವೈದ್ಯರು 1987ರಲ್ಲಿ ಇದು ತಪ್ಪೆಂದು ತೋರಿಸಿಕೊಟ್ಟರು. ಒಳ್ಳೆಯ ನೋವುಮದ್ದು ಪಡೆದ ಕೂಸುಗಳ ದೇಹ ಶಸ್ತ್ರಕ್ರಿಯೆಯ ಆಘಾತವನ್ನು ಚೆನ್ನಾಗಿ ತಡೆದುಕೊಂಡಿತು. ಆಮೇಲಿನ ತೊಡಕುಗಳೂ ಕಡಿಮೆಯಾದವು. ಮದ್ದಿಗೆ ಹೆದರಿ ಮದ್ದನ್ನು ಬಿಟ್ಟರೆ ಅದರಿಂದಲೂ ಹಾನಿಯೇ.

ಹಾಗಾದರೆ ನಿಜ ತಿಳಿಯುವುದು ಹೇಗೆ? ಇಲಿಯನ್ನು ಕೇಳಿದ್ದಾಯಿತು, ಇನ್ನು ಮಕ್ಕಳನ್ನೇ ನೋಡಬೇಕು. ಆಸ್ಟ್ರೇಲಿಯದ ಮೆಲ್ಬರ್ನಿನ ಆ್ಯಂಡ್ರೂ ಡೇವಿಡ್‌ಸನ್, ಅಮೆರಿಕದ ಬಾಸ್ಟನ್ನಿನ ಮೇರಿ ಎಲೆನ್ ಮೆಕಾನ್ ಮೊದಲಾದ ವೈದ್ಯರು ಏಳು ದೇಶಗಳ 28 ಆಸ್ಪತ್ರೆಗಳನ್ನು ಕೂಡಿಸಿ ಅದನ್ನು ಕೈಗೊಂಡರು. ಅವರು ಆರಿಸಿಕೊಂಡದ್ದು ಯಾವ ಶಸ್ತ್ರಕ್ರಿಯೆಯನ್ನು ಗೊತ್ತೆ? ಇದೇ ಹರ್ನಿಯ. 722 ಹಸುಳೆಗಳನ್ನು, ತಂದೆತಾಯಿಗಳ ಒಪ್ಪಿಗೆ ಪಡೆದು, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಪೂರ್ತಿ ಮತ್ತು ಬರಿಸುವ ಮದ್ದು; ಇನ್ನೊಂದು ಪಾಲಿಗೆ ಎಚ್ಚರವಾಗಿಯೇ ಇಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು. ಮತ್ತಿನ ಅವಧಿ ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಆಮೇಲೆ ಅವರು ಮಾಡಿದ್ದೇ ದೊಡ್ಡ ಕೆಲಸ: ಆ ಮಕ್ಕಳಿಗೆ ಐದು ವರ್ಷ ತುಂಬುವವರೆಗೆ ಕಾದರು. ಐದು ವರ್ಷಕ್ಕೆ ಬುದ್ಧಿಪರೀಕ್ಷೆ ಮಾಡಿದರು. ಒಂದು ಪಾಲಿನ ಸರಾಸರಿ ಅಂಕ 99.08, ಇನ್ನೊಂದರದು 98.97. ವ್ಯತ್ಯಾಸವೆನ್ನುವಂಥದು ಏನೂ ಇಲ್ಲ. ಇದು ಪ್ರಕಟವಾದದ್ದು 2019ರಲ್ಲಿ. ಅದಕ್ಕೂ ಮೊದಲು, 2016ರಲ್ಲಿ, ಅಮೆರಿಕದಲ್ಲಿ ಒಡಹುಟ್ಟಿದವರ 105 ಜೋಡಿಗಳನ್ನು ನೋಡಿದ್ದರು. ಒಬ್ಬರಿಗೆ ಎಳವೆಯಲ್ಲಿ ಹರ್ನಿಯ ಶಸ್ತ್ರಕ್ರಿಯೆ ಆಗಿತ್ತು, ಇನ್ನೊಬ್ಬರಿಗೆ ಮತ್ತಿನ ಸೋಂಕೇ ಇರಲಿಲ್ಲ. ಅವರ ಬುದ್ಧಿಯ ಅಂಕಗಳಲ್ಲಿಯೂ ಭೇದ ಕಾಣಲಿಲ್ಲ.

ಮತ್ತೆ ಮತ್ತೆ ಅರಿವಳಿಕೆ ಪಡೆದ ಮಕ್ಕಳ ವಿಷಯ ಇಷ್ಟು ಸರಳವಲ್ಲ. ಅಮೆರಿಕದ ಮೇಯೋ ಆಸ್ಪತ್ರೆಯವರು 2018ರಲ್ಲಿ 997 ಮಕ್ಕಳನ್ನು ಪರೀಕ್ಷಿಸಿ ಬರೆದಂತೆ, ಮೂರು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಸಲ ಮತ್ತು ಪಡೆದವರಲ್ಲಿಯೂ ಒಟ್ಟು ಬುದ್ಧಿಯ ಅಂಕ ಕುಗ್ಗಿರಲಿಲ್ಲ. ಆದರೆ ಕೈಬೆರಳಿನ ನಯವಾದ ಕೆಲಸದಲ್ಲಿ, ವಿಷಯವನ್ನು ಬೇಗ ಗ್ರಹಿಸುವುದರಲ್ಲಿ ಸ್ವಲ್ಪ ಹಿಂದುಳಿದದ್ದು ಕಂಡಿತು. ಅದು ಮದ್ದಿನಿಂದಲೋ, ಮತ್ತೆ ಮತ್ತೆ ಶಸ್ತ್ರಕ್ರಿಯೆಗೆ ಕಾರಣವಾದ ರೋಗದಿಂದಲೋ ಬೇರೆಮಾಡಿ ಹೇಳುವುದು ಕಷ್ಟ. ಆದುದರಿಂದ ತೀರ ಅವಸರವಿಲ್ಲದ ಶಸ್ತ್ರಕ್ರಿಯೆಯನ್ನು ತಡಮಾಡಬಹುದೇ ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ. ಆದರೆ ಹರ್ನಿಯದಂಥದನ್ನು ನಮ್ಮಷ್ಟಕ್ಕೆ ನಾವೇ ತಡಮಾಡಕೂಡದು. ಇಳಿದ ಕರುಳು ಸಿಕ್ಕಿಕೊಂಡು, ರಕ್ತ ಹರಿಯುವುದು ನಿಂತರೆ ಜೀವಕ್ಕೇ ಅಪಾಯ. ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ಮಗು ಒಂದೇ ಸಮನೆ ಅತ್ತು ವಾಂತಿಮಾಡಿದರೆ ಅದೇ ಗಳಿಗೆಗೆ ಆಸ್ಪತ್ರೆಗೆ ಒಯ್ಯಬೇಕು. ಒಂದು ಗಂಟೆಯ ಮತ್ತಿನ ಭಯದಿಂದ ಇಂಥ ಗಂಡಾಂತರವನ್ನು ಮನೆಯಲ್ಲಿಟ್ಟುಕೊಳ್ಳಬಾರದು.

ಇಲಿಗೂ ಮಗುವಿಗೂ ನಡುವೆ ಇರುವ ದೂರದಂತೆ, ಒಂದು ದೇಶದ ಮಗುವಿಗೂ ಇನ್ನೊಂದು ದೇಶದ ಮಗುವಿಗೂ ದೂರವುಂಟು. ಇದಕ್ಕೆ ಒಂದು ಉದಾಹರಣೆ ನಮ್ಮ ಊರುಗಳಿಂದಲೇ ಇದೆ. ಹುಟ್ಟುವಾಗ ಉಸಿರು ಕಟ್ಟಿದ ಮಗುವಿನ ಮಿದುಳಿನ ಕೋಶಗಳೆಲ್ಲ ಒಡನೆಯೇ ಸಾಯುವುದಿಲ್ಲ. ಬಹಳಷ್ಟು ಕೋಶಗಳು ಕೆಲವು ಗಂಟೆಗಳಾದ ಮೇಲೆ ಸಾಯುತ್ತವೆ. ಆ ನಡುವಿನ ಕಾಲದಲ್ಲಿ ಮಗುವಿನ ಮೈಯನ್ನು 33.5 ಡಿಗ್ರಿ ಸೆಲ್ಸಿಯಸ್ಸಿಗೆ ತಂಪುಮಾಡಿ 72 ಗಂಟೆ ಇಟ್ಟರೆ ಹಲವರು ಉಳಿಯುತ್ತಾರೆಂದು ಸಿರಿವಂತ ದೇಶಗಳ ಪರೀಕ್ಷೆಗಳು 2005ರಿಂದೀಚೆಗೆ ತೋರಿಸಿದವು. ಅದೇ ಚಿಕಿತ್ಸೆಯನ್ನು 2015ರಿಂದ 2019ರವರೆಗೆ ಭಾರತ, ಶ್ರೀಲಂಕ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳಲ್ಲಿ 408 ಮಕ್ಕಳ ಮೇಲೆ ಪರೀಕ್ಷಿಸಿದರು. ಲಂಡನ್ನಿನಲ್ಲಿರುವ ಸುಧಿನ್ ತಯ್ಯಿಲ್ ಎಂಬ ವೈದ್ಯರು ಮುಂದಾಳು. ಬೆಂಗಳೂರು, ಚೆನ್ನೈ, ಮುಂಬಯಿಗಳ ಆಸ್ಪತ್ರೆಗಳೂ ಅದರಲ್ಲಿದ್ದವು. 2021ರಲ್ಲಿ ಬಂದ ಫಲ ಎಲ್ಲರನ್ನೂ ತಲ್ಲಣಗೊಳಿಸಿತು. ತಂಪುಮಾಡಿದವರಲ್ಲಿ ನೂರಕ್ಕೆ 42 ಮಕ್ಕಳು ತೀರಿಕೊಂಡಿದ್ದರು; ಮಾಡದವರಲ್ಲಿ ನೂರಕ್ಕೆ 31. ಅಲ್ಲಿ ಉಳಿಸಿದ್ದು ಇಲ್ಲಿ ಉಳಿಸಲಿಲ್ಲ. ಇಲ್ಲಿಯೇ ಪರೀಕ್ಷೆ ಮಾಡಿರದಿದ್ದರೆ, ಅಲ್ಲಿಯದೇ ಸರಿಯೆಂದು ನಾವು ಕಣ್ಣುಮುಚ್ಚಿ ನಡೆಸಿಕೊಂಡು ಹೋಗುತ್ತಿದ್ದೆವು. ಮಕ್ಕಳನ್ನು ಆ ಪರೀಕ್ಷೆಗೆ ಒಪ್ಪಿಸಿದ ತಂದೆತಾಯಿಗಳಿಗೆ ನಾವೆಲ್ಲ ಋಣಿಗಳು.

ಇದರಿಂದ ಮನೆಮಂದಿ ತಿಳಿಯಬೇಕಾದುದು ಸರಳವಾಗಿದೆ. ಹುಟ್ಟಿದ ಕೂಸು ಅಳದಿದ್ದರೆ ತಣ್ಣೀರು ಎರಚಬಾರದು, ತಲೆಕೆಳಗೆ ಹಿಡಿದು ಬಡಿಯಬಾರದು. ಒರಸಿ ಬೆಚ್ಚಗಿಟ್ಟು, ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡಿಸಬಲ್ಲ ಕೈ ಪಕ್ಕದಲ್ಲಿರಬೇಕು. ಅಂಥ ಕೈ ಇರುವುದು ಆಸ್ಪತ್ರೆಯಲ್ಲಿ. ಬಾಣಂತನಕ್ಕೆ ಹೆಂಡತಿಯನ್ನು ಊರಿಗೆ ಕಳುಹಿಸುವವರು ನಮ್ಮಲ್ಲಿ ಬಹಳ. ಕಳುಹಿಸಿರಿ, ತವರಿನ ಆರೈಕೆಗೆ ಸಮನಾದುದಿಲ್ಲ. ಆದರೆ ಹೆರಿಗೆ ಯಾವ ಆಸ್ಪತ್ರೆಯಲ್ಲಿ, ನಡುರಾತ್ರಿ ನೋವು ಬಂದರೆ ಯಾವ ಗಾಡಿಯಲ್ಲಿ ಎಂಬುದನ್ನು ಗೊತ್ತುಮಾಡಿಯೇ ಕಳುಹಿಸಿರಿ.

ಶಸ್ತ್ರಕ್ರಿಯೆಯ ಮಾತು ಬಂದಾಗ ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಲು ಸಂಕೋಚ ಬೇಡ. ಇದನ್ನು ಈಗಲೇ ಮಾಡಬೇಕೆ? ತಡವಾದರೆ ಏನಾಗುತ್ತದೆ? ಮತ್ತು ಎಷ್ಟು ಹೊತ್ತು ಇರುತ್ತದೆ? ಮಕ್ಕಳಿಗೆ ಮತ್ತು ಕೊಟ್ಟು ಅನುಭವವಿರುವ ವೈದ್ಯರು ಇರುತ್ತಾರೆಯೆ? ನಮ್ಮ ಅಂಗಿ ಮಾಸಿದೆಯೆಂದು, ಭಾಷೆ ಬೇರೆಯೆಂದು ಬಾಯಿ ಕಟ್ಟಿಕೊಂಡು ಬರುವವರು ನಾವು. ಮಾತು ಬಾರದಿದ್ದರೆ ಸಂಘಕ್ಕೆ ಬಂದು ಹೇಳಿ. ಜೊತೆಯಲ್ಲಿ ಬರಲು ಇಲ್ಲಿ ಯಾರಾದರೂ ಸಿಕ್ಕುತ್ತಾರೆ.

ನಮ್ಮ ಸದಸ್ಯರ ಕಡೆಗೆ ಮರಳಿ ಬಂದು ಮುಗಿಸುತ್ತೇವೆ. ಅವರು ಮಗುವಿನೊಡನೆ ವೈದ್ಯರ ಬಳಿಗೆ ಹೋದರು. ಭಯವನ್ನು ಬಾಯಿಬಿಟ್ಟು ಹೇಳಿದರು. ವೈದ್ಯರು ಗದರಲಿಲ್ಲ; ಕೂರಿಸಿಕೊಂಡು, ಮುಕ್ಕಾಲು ಗಂಟೆಯ ಕೆಲಸವೆಂದು ವಿವರಿಸಿದರಂತೆ. ಬರುವ ಬುಧವಾರಕ್ಕೆ ದಿನ ಗೊತ್ತಾಗಿದೆ. ಇಂದು ಅವರು ಇದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಬುಧವಾರ ಬೆಳಿಗ್ಗೆ ಬಿಡುವಿರುವವರು ಒಬ್ಬಿಬ್ಬರು ಅವರ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರೆ ಒಳ್ಳೆಯದು. ಭಾಷಣ ಮುಗಿದ ಮೇಲೆ ನಮ್ಮನ್ನು ಕಂಡು ಹೇಳಿ.